ಇಪ್ಪತ್ತೆರಡು ಗಜದ ಹಣೆಬರಹ: ಕೆರಿಬಿಯನ್ ಪಿಚ್‌ಗಳು ಬೆಳೆಸಿದವರು, ಬಿಟ್ಟುಹೋದವರು

2025ರ ಜುಲೈ ತಿಂಗಳ ಒಂದು ಬೆಳಗಿನ ಜಾವ. ಹಿಂದಿನ ದಿನದ ಕೆಡಿಪಿ ಸಭೆಯ ಸುದ್ದಿ ಕಳುಹಿಸಿ ತಡವಾಗಿ ಮಲಗಿದ್ದ ನಾವು ಎದ್ದು ಫೋನ್ ನೋಡಿದರೆ, ಡಿಪ್ಲೊಮಾ ಕಾಲದ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೀ ಒಂದು ಅಂಕಿ ಓಡಾಡುತ್ತಿತ್ತು: 27. ಜಮೈಕಾದ ಕಿಂಗ್‌ಸ್ಟನ್ ನಗರದ ಸಬಿನಾ ಪಾರ್ಕ್‌ನಲ್ಲಿ ಆಸ್ಟ್ರೇಲಿಯಾ ಎದುರು ವೆಸ್ಟ್ ಇಂಡೀಸ್ 27ಕ್ಕೆ ಆಲೌಟ್. ಮಿಚೆಲ್ ಸ್ಟಾರ್ಕ್ 9 ರನ್ ಕೊಟ್ಟು 6 ವಿಕೆಟ್ ಕಿತ್ತಿದ್ದರು. ಟೆಸ್ಟ್ ಇತಿಹಾಸದಲ್ಲಿ ಇದಕ್ಕಿಂತ ಸಣ್ಣ ಮೊತ್ತ ಒಂದೇ ಒಂದಿದೆ, 1955ರಲ್ಲಿ ನ್ಯೂಜಿಲೆಂಡ್ ಗಳಿಸಿದ 26.

'ನಮ್ಮೂರ ಟೆನಿಸ್ ಬಾಲ್ ಟೀಮು ಇದಕ್ಕಿಂತ ಜಾಸ್ತಿ ಹೊಡೀತದೆ ಬಿಡ್ರಿ' ಎಂದು ಒಬ್ಬ ಬರೆದ. 'ಅಲ್ಲಿನ ಹುಡುಗರಿಗೆ ಈಗ ಬ್ಯಾಸ್ಕೆಟ್‌ಬಾಲ್ ಹುಚ್ಚು, ಇಲ್ಲಾ ಟಿ20 ದುಡ್ಡಿನ ಹುಚ್ಚು' ಎಂದು ಇನ್ನೊಬ್ಬ. ಮೂವತ್ತು ವರ್ಷಗಳಿಂದ ಕೇಳುತ್ತಿರುವ ವಿವರಣೆಗಳೇ ಇವು. ಸುಳ್ಳೇನಲ್ಲ, ಆದರೆ ಅರ್ಧ ಮಾತ್ರ ಸತ್ಯ ಎಂದು ನಮ್ಮ ಅನುಮಾನ. ಹುಡುಗನೊಬ್ಬ ಆಟ ಕಲಿಯುವುದು ಯಾವ ನೆಲದ ಮೇಲೆ? ಆ ನೆಲ ಅವನಿಗೆ ಏನನ್ನು ಕಲಿಸುತ್ತದೆ, ಏನನ್ನು ಕಲಿಸದೇ ಬಿಡುತ್ತದೆ? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ಕೆರಿಬಿಯನ್ ಕ್ರಿಕೆಟ್ಟಿನ ಕಥೆ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ.

ಮೊದಲು ಮಣ್ಣಿನ ವಿಷಯ. ಎರೆಹೊಲದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಿಗುಟು ಹೆಚ್ಚಿರುವ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ಹದವಾಗಿ ನೀರು ಬಿಟ್ಟು, ದಿನಗಟ್ಟಲೆ ರೋಲರ್ ಎಳೆದು, ಹುಲ್ಲಿನ ಬೇರು ಮಣ್ಣನ್ನು ಹಿಡಿದುಕೊಳ್ಳುವಂತೆ ನೋಡಿಕೊಂಡರೆ ಚೆಂಡು ಒಂದೇ ಎತ್ತರಕ್ಕೆ, ಒಂದೇ ವೇಗದಲ್ಲಿ ಪುಟಿಯುತ್ತದೆ. ಹದ ತಪ್ಪಿದರೆ ಕೆಲಸ ಕೆಟ್ಟಿತು. ಹಳೆಯ ಮಣ್ಣಿನ ಮೇಲೆ ಬೇರೆ ಜಾತಿಯ ಮಣ್ಣು ಹರಡಿದರೆ ಎರಡು ಪದರಗಳು ಬೆಸೆಯುವುದಿಲ್ಲ, ಒಳಗೆ ಟೊಳ್ಳಾಗುತ್ತದೆ, ಚೆಂಡು ಬಿದ್ದಲ್ಲೇ ಸುಸ್ತಾಗುತ್ತದೆ. ಹುಲ್ಲು ಸತ್ತರೆ ಮೇಲ್ಮೈ ಪುಡಿಯಾಗಿ ಚೆಂಡು ಹೊರಳುತ್ತದೆ. ಒಂದೇ ಪಿಚ್ಚಿನ ಮೇಲೆ ಮೇಲಿಂದ ಮೇಲೆ ಪಂದ್ಯ ಆಡಿಸಿದರೂ ಇದೇ ಗತಿ. ಪಿಚ್ ಎಂದರೆ ನೆಲದ ಗುಣ ಎಷ್ಟೋ, ಅದನ್ನು ನೋಡಿಕೊಳ್ಳುವವನ ಕೈಗುಣವೂ ಅಷ್ಟೇ.

ಆ ಕೈಗಳ ಕಥೆ ಬಾರ್ಬಡೋಸ್‌ನಿಂದ ಶುರು ಮಾಡೋಣ. 1865ರ ಫೆಬ್ರುವರಿಯಲ್ಲಿ ಬಾರ್ಬಡೋಸ್ ಮತ್ತು ಡೆಮೆರಾರಾ ನಡುವೆ ಬ್ರಿಜ್‌ಟೌನ್‌ನ ಗ್ಯಾರಿಸನ್ ಸವಾನಾ ಬಯಲಿನಲ್ಲಿ ನಡೆದದ್ದೇ ಆ ಭಾಗದ ಮೊದಲ ಪ್ರಥಮ ದರ್ಜೆ ಪಂದ್ಯ. ಮುಂದೆ ಅದೇ ಊರಿನ ಕೆನ್ಸಿಂಗ್‌ಟನ್ ಓವಲ್ ದ್ವೀಪದ ಮುಖ್ಯ ಅಂಗಳವಾಯಿತು. ಗಟ್ಟಿ ನೆಲ, ನಂಬಬಹುದಾದ ಪುಟಿತ. ಹೊಡೆಯಲು ಬರುವವನು ಹೊಡೆಯಬಹುದು, ವೇಗವಾಗಿ ಎಸೆಯುವವನಿಗೂ ಪ್ರತಿಫಲವುಂಟು. ಈ ಅಂಗಳದ ಸುತ್ತಮುತ್ತಲ ಓಣಿಗಳಲ್ಲೇ 1924ರ ಆಗಸ್ಟ್‌ನಿಂದ 1926ರ ಜನವರಿಯೊಳಗೆ, ಅಂದರೆ ಒಂದೂವರೆ ವರ್ಷಕ್ಕೂ ಕಡಿಮೆ ಅವಧಿಯಲ್ಲಿ, ಮೂವರು ಗಂಡುಮಕ್ಕಳು ಹುಟ್ಟಿದರು: ಫ್ರಾಂಕ್ ವೊರೆಲ್, ಎವರ್ಟನ್ ವೀಕ್ಸ್, ಕ್ಲೈಡ್ ವಾಲ್ಕಾಟ್.

ಮೂವರಲ್ಲಿ ನಮಗೆ ಹೆಚ್ಚು ಕಾಡುವವರು ವೀಕ್ಸ್. ಬಡ ಮನೆ. ಹುಡುಗನಾಗಿದ್ದಾಗ ಕೆನ್ಸಿಂಗ್‌ಟನ್ ಓವಲ್‌ನಲ್ಲಿ ಮೈದಾನದ ಕೆಲಸಗಾರರಿಗೆ ಕೈ ಜೋಡಿಸುತ್ತಿದ್ದರು, ಬದಲಿ ಫೀಲ್ಡರ್ ಆಗಿ ನಿಲ್ಲುತ್ತಿದ್ದರು. ಕೂಲಿಯೆಂದರೆ ಪುಕ್ಕಟೆ ಪಂದ್ಯ ನೋಡುವುದು. ಆ ಮೈದಾನ ಪಿಕ್‌ವಿಕ್ ಎಂಬ ಕ್ಲಬ್ಬಿನದು. ಪಿಕ್‌ವಿಕ್‌ಗೆ ಬಿಳಿಯರಷ್ಟೇ ಸೇರಬಹುದಿತ್ತು. ಅಂದರೆ ಯಾವ ಪಿಚ್ಚಿನ ಕೆಲಸಕ್ಕೆ ಹುಡುಗ ಕೈ ಹಚ್ಚುತ್ತಿದ್ದನೋ, ಆ ಪಿಚ್ಚಿನ ಒಡೆಯರ ತಂಡದಲ್ಲಿ ಅವನಿಗೆ ಜಾಗವಿರಲಿಲ್ಲ. ಬೇರೆ ಲೀಗ್ ಸೇರಿ ಆಡಿದರು, ಮೇಲೆ ಬಂದರು. 1948-49ರಲ್ಲಿ ಸತತ ಐದು ಟೆಸ್ಟ್ ಇನಿಂಗ್ಸ್‌ಗಳಲ್ಲಿ ಶತಕ ಹೊಡೆದರು. ಮೊದಲನೆಯದು ಕಿಂಗ್‌ಸ್ಟನ್‌ನಲ್ಲಿ ಇಂಗ್ಲೆಂಡ್ ವಿರುದ್ಧ, ಉಳಿದ ನಾಲ್ಕು ನಮ್ಮ ದೆಹಲಿ, ಬಾಂಬೆ, ಕಲ್ಕತ್ತಗಳಲ್ಲಿ. ಆ ದಾಖಲೆ ಇಂದಿಗೂ ಮುರಿದಿಲ್ಲ.

ಟ್ರಿನಿಡಾಡ್‌ನಲ್ಲಿ ಕಥೆಯೇ ಬೇರೆ. ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್ ಎಷ್ಟೇ ಚೆಂದವಿದ್ದರೂ 1954ರವರೆಗೂ ಅಲ್ಲಿ ಟೆಸ್ಟ್ ಆಡಿಸುತ್ತಿದ್ದುದು ಮ್ಯಾಟ್ ಮೇಲೆ. ಕೊನೆಗಾಲದಲ್ಲಿ ಅದು ಸೆಣಬಿನ ಮ್ಯಾಟ್. ಆ ವರ್ಷ ಇಂಗ್ಲೆಂಡ್ ಎದುರು ವೆಸ್ಟ್ ಇಂಡೀಸ್ 8ಕ್ಕೆ 681 ಹೊಡೆದು ಡಿಕ್ಲೇರ್ ಮಾಡಿತು. ವೀಕ್ಸ್ 206, ವೊರೆಲ್ 167, ವಾಲ್ಕಾಟ್ 124. ಇಂಗ್ಲೆಂಡ್ ತಿರುಗಿ 537 ಹೊಡೆಯಿತು. ಪಂದ್ಯ ಡ್ರಾ ಆಯಿತು ಎಂದು ಬೇರೆ ಹೇಳಬೇಕೆ! ಮರುವರ್ಷ ಆಸ್ಟ್ರೇಲಿಯಾ ಬರುವ ಹೊತ್ತಿಗೆ ಮ್ಯಾಟ್ ಸುತ್ತಿಟ್ಟು ಟರ್ಫ್ ಪಿಚ್ ಮಾಡಿದ್ದರು.

ಮ್ಯಾಟಿನ ಆಟ ಏನೆಂದು ನಮ್ಮ ಕಡೆಯ ಓದುಗರಿಗೆ ಚೆನ್ನಾಗಿ ಗೊತ್ತು. ತಾಲ್ಲೂಕು ಮಟ್ಟದ ಲೆದರ್ ಬಾಲ್ ಟೂರ್ನಿ ವರದಿ ಮಾಡಲು ಹೋದಾಗಲೆಲ್ಲ ನಾವು ನೋಡುವುದು ಅದನ್ನೇ. ನಾಲ್ಕು ಮೂಲೆಗೆ ಮೊಳೆ ಬಡಿದು ಎಳೆದು ಕಟ್ಟಿದ ನಾರಿನ ಮ್ಯಾಟ್, ಎದೆಮಟ್ಟಕ್ಕೆ ಎದ್ದು ಬರುವ ಚೆಂಡು, ಹಿಂದಕ್ಕೆ ಸರಿದು ಕಟ್ ಮಾಡುವ ಹುಡುಗರು. ಅವರಲ್ಲೊಬ್ಬ ಆಯ್ಕೆ ಟ್ರಯಲ್ಸ್‌ಗೆಂದು ಮೊದಲ ಸಲ ಟರ್ಫ್ ಪಿಚ್ಚಿಗೆ ಹೋಗಿ, ಮೂರು ಚೆಂಡಿಗೆ ಎರಡು ಸಲ ಬೌಲ್ಡ್ ಆಗಿ ಬಂದ. 'ಅಣ್ಣಾ, ಬಾಲು ಏಳಲೇ ಇಲ್ಲ' ಎಂದ. ಅವನ ತಪ್ಪೇನು? ಅವನು ಕಲಿತ ನೆಲದಲ್ಲಿ ಚೆಂಡು ಏಳುತ್ತಿತ್ತು.

ಟ್ರಿನಿಡಾಡ್ ಮ್ಯಾಟಿನ ಕಾಲದಲ್ಲೇ ಬೆಳೆದವರು ಸನ್ನಿ ರಾಮದೀನ್. ಎಸ್ಪರಾನ್ಸ್ ಎಂಬ ಹಳ್ಳಿಯ ಹುಡುಗ, ಭಾರತೀಯ ಕೂಲಿಕಾರರ ವಂಶ. ವೆಸ್ಟ್ ಇಂಡೀಸ್ ಪರ ಟೆಸ್ಟ್ ಆಡಿದ ಮೊದಲ ಭಾರತೀಯ ಮೂಲದವರು. ಚೆಂಡು ಎತ್ತ ತಿರುಗುತ್ತದೆಂದು ಬೆರಳು ನೋಡಿ ಯಾರಿಗೂ ತಿಳಿಯುತ್ತಿರಲಿಲ್ಲ. 1950ರ ಇಂಗ್ಲೆಂಡ್ ಪ್ರವಾಸಕ್ಕೆ ಆಯ್ಕೆಯಾದಾಗ ಅವರು ಆಡಿದ್ದು ಎರಡೇ ಪ್ರಥಮ ದರ್ಜೆ ಪಂದ್ಯ. ಜಮೈಕಾದ ಆಲ್ಫ್ ವ್ಯಾಲೆಂಟೈನ್ ಕೂಡ ಅಷ್ಟೇ. ಲಾರ್ಡ್ಸ್‌ನಲ್ಲಿ ಇಬ್ಬರೂ ಸೇರಿ 18 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ವೆಸ್ಟ್ ಇಂಡೀಸ್‌ಗೆ ಮೊದಲ ಟೆಸ್ಟ್ ಗೆಲುವು ತಂದರು. ಮಣ್ಣು ಬದಲಾದರೂ ಕೈಚಳಕ ಕೈಬಿಡಲಿಲ್ಲ. ಹಾಗೆ ಆಗುವುದು ಅಪರೂಪ.

ಗಯಾನಾ ದ್ವೀಪವಲ್ಲ, ದಕ್ಷಿಣ ಅಮೆರಿಕದ ನೆಲಕ್ಕೆ ಅಂಟಿಕೊಂಡ ದೇಶ. ರಾಜಧಾನಿ ಜಾರ್ಜ್‌ಟೌನ್ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ತಡೆಗೋಡೆ ಕಟ್ಟಿಕೊಂಡು ಬದುಕುವ ಊರು. ಅಲ್ಲಿನ ಹಳೆಯ ಬೋರ್ಡಾ ಮೈದಾನದಲ್ಲಿ ಮಳೆ ಬಂದರೆ ನೀರು ನಿಂತಿತೆಂದೇ ಲೆಕ್ಕ. ಕಬ್ಬಿನ ತೋಟಗಳ ಒಳಗೂ ಕ್ರಿಕೆಟ್ ಇತ್ತು, ಆದರೆ ಹೇಳುವವರು ಕೇಳುವವರು ಇರಲಿಲ್ಲ. 1954ರಲ್ಲಿ ಸಕ್ಕರೆ ಉತ್ಪಾದಕರ ಸಂಘ ಕ್ಲೈಡ್ ವಾಲ್ಕಾಟ್ ಅವರನ್ನು ಕರೆಸಿಕೊಂಡಿತು. ತೋಟ ತೋಟ ತಿರುಗಿ ಹುಡುಗರನ್ನು ತಯಾರು ಮಾಡುವುದು ಅವರ ಕೆಲಸ. ಬರ್ಬೀಸ್ ಸೀಮೆಯ ಪೋರ್ಟ್ ಮೊರಾಂಟ್ ಎಂಬ ಒಂದೇ ತೋಟದ ಕಡೆಯಿಂದ ರೋಹನ್ ಕನ್ಹಾಯ್, ಬೇಸಿಲ್ ಬುಚರ್, ಜೋ ಸಾಲೊಮನ್ ಟೆಸ್ಟ್ ತಂಡಕ್ಕೆ ಬಂದರು, ಆಮೇಲೆ ಆಲ್ವಿನ್ ಕಾಳಿಚರಣ್. ಕೂಲಿ ಲೈನಿನ ಮಕ್ಕಳಿಗೆ ಆಡುವ ಅವಕಾಶ ಮತ್ತು ಕಲಿಸುವ ಮನುಷ್ಯ ಸಿಕ್ಕಿದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ನಮಗೆ ಬೇಡ.

ಹೀಗೆ ಒಂದೊಂದು ಕಡೆ ಒಂದೊಂದು ನೆಲ. 1965-66ರಲ್ಲಿ ಶೆಲ್ ಶೀಲ್ಡ್ ಎಂಬ ಹೆಸರಿನಲ್ಲಿ ಇವರೆಲ್ಲರ ನಡುವೆ ನಿಯಮಿತ ದೇಶಿ ಕೂಟ ಶುರುವಾಯಿತು, ಮೊದಲ ಪ್ರಶಸ್ತಿ ಬಾರ್ಬಡೋಸ್‌ಗೆ. 1987-88ರಿಂದ ಅದು ರೆಡ್ ಸ್ಟ್ರೈಪ್ ಕಪ್ ಆಯಿತು. ಪ್ರಾಯೋಜಕತ್ವ ಪೆಟ್ರೋಲಿನಿಂದ ಬಿಯರಿಗೆ ಇಳಿಯಿತು ಎಂದು ಅಲ್ಲಿಯವರೂ ನಕ್ಕಿರಬೇಕು. ಶೆಲ್ ಶೀಲ್ಡ್ ಕಾಲದಲ್ಲಿ ಬ್ಯಾಟರ್ ಆದವನು ಬಾರ್ಬಡೋಸ್‌ಗೆ ಹೋದರೆ ಮಾಲ್ಕಂ ಮಾರ್ಷಲ್, ಜೋಯಲ್ ಗಾರ್ನರ್, ಸಿಲ್ವೆಸ್ಟರ್ ಕ್ಲಾರ್ಕ್, ವೇಯ್ನ್ ಡೇನಿಯಲ್ ಎದುರಿಸಬೇಕಿತ್ತು. ಟ್ರಿನಿಡಾಡ್‌ಗೆ ಹೋದರೆ ಸ್ಪಿನ್. ಒಂದು ತಂಡಕ್ಕೆ ವರ್ಷಕ್ಕೆ ಸಿಗುತ್ತಿದ್ದುದು ಬೆರಳೆಣಿಕೆಯ ಪಂದ್ಯಗಳೇ, ಆದರೂ ಪ್ರತಿ ಪಂದ್ಯವೂ ಬೇರೆ ಪರೀಕ್ಷೆ.

ಇದರ ಜೊತೆಗೆ ಇನ್ನೊಂದು ಶಾಲೆಯಿತ್ತು. ಆ ಪೀಳಿಗೆಯ ದೊಡ್ಡ ಆಟಗಾರರೆಲ್ಲ ಬೇಸಿಗೆಗೆ ಇಂಗ್ಲೆಂಡಿನ ಕೌಂಟಿಗಳಿಗೆ ಹೋಗುತ್ತಿದ್ದರು. ಲಾಯ್ಡ್ ಲ್ಯಾಂಕಶೈರ್‌ಗೆ, ರಿಚರ್ಡ್ಸ್ ಮತ್ತು ಗಾರ್ನರ್ ಸಾಮರ್ಸೆಟ್‌ಗೆ, ಗ್ರೀನಿಜ್ ಮತ್ತು ಮಾರ್ಷಲ್ ಹ್ಯಾಂಪ್‌ಶೈರ್‌ಗೆ, ಹೋಲ್ಡಿಂಗ್ ಡರ್ಬಿಶೈರ್‌ಗೆ, ವಾಲ್ಷ್ ಗ್ಲೌಸೆಸ್ಟರ್‌ಶೈರ್‌ಗೆ. ತಿಂಗಳುಗಟ್ಟಲೆ ಹಸಿ ಪಿಚ್, ಮೋಡದ ದಿನ, ನಿಧಾನ ಪಿಚ್, ತಿರುವಿನ ಪಿಚ್. ವೆಸ್ಟ್ ಇಂಡೀಸ್‌ನ ವೈಭವದ ದಿನಗಳನ್ನು ನೆನೆಯುವಾಗ ನಾವು ಪ್ರತಿಭೆಯ ಬಗ್ಗೆ ಮಾತಾಡುತ್ತೇವೆ, ಈ ಎರಡನೆಯ ಶಾಲೆಯನ್ನು ಮರೆಯುತ್ತೇವೆ. ಕೌಂಟಿಗಳು ವಿದೇಶಿ ಆಟಗಾರರ ಸಂಖ್ಯೆ ಕಡಿಮೆ ಮಾಡುತ್ತ ಬಂದಂತೆ ಆ ಬಾಗಿಲು ಕಿರಿದಾಯಿತು. ಮನೆಯ ಪಿಚ್ ಕೆಟ್ಟರೆ ಬೇರೆ ಎಲ್ಲೂ ಕಲಿಯುವ ದಾರಿ ಉಳಿಯಲಿಲ್ಲ.

ಇನ್ನು 1976. ಕನ್ನಡಿಗರಿಗೆ ಇದು ಮನೆಯ ಕಥೆ. ಮೂರನೆಯ ಟೆಸ್ಟ್ ನಡೆಯಬೇಕಿದ್ದುದು ಜಾರ್ಜ್‌ಟೌನ್‌ನಲ್ಲಿ. ಮಳೆ ಬಂದು ಬೋರ್ಡಾ ಕೆರೆಯಾಯಿತು, ಪಂದ್ಯ ಪೋರ್ಟ್ ಆಫ್ ಸ್ಪೇನ್‌ಗೆ ಹೋಯಿತು. ಟ್ರಿನಿಡಾಡ್ ಎಂದರೆ ಸ್ಪಿನ್ ಎಂದು ಕ್ಲೈವ್ ಲಾಯ್ಡ್ ಮೂವರು ಸ್ಪಿನ್ನರುಗಳನ್ನು ಆಡಿಸಿದರು: ರಫೀಕ್ ಜುಮಾದೀನ್, ಆಲ್ಬರ್ಟ್ ಪ್ಯಾಡ್ಮೋರ್, ಇಮ್ತಿಯಾಜ್ ಅಲಿ. ಭಾರತಕ್ಕೆ ಕೊಟ್ಟ ಗುರಿ 403. ಗಾವಸ್ಕರ್ 102, ನಮ್ಮ ಗುಂಡಪ್ಪ ವಿಶ್ವನಾಥ್ 112, ಮೊಹಿಂದರ್ ಅಮರನಾಥ್ 85, ಕೊನೆಗೆ ಬ್ರಿಜೇಶ್ ಪಟೇಲ್ ಅಜೇಯ 49. ನಾಲ್ಕೇ ವಿಕೆಟ್ ಕಳೆದುಕೊಂಡು 406. ನಾಲ್ಕನೇ ಇನಿಂಗ್ಸ್‌ನಲ್ಲಿ 400 ದಾಟಿ ಗೆದ್ದ ತಂಡ ಅದಕ್ಕೆ ಮೊದಲು ಬ್ರಾಡ್ಮನ್‌ರ ಆಸ್ಟ್ರೇಲಿಯಾ ಒಂದೇ. ಇಮ್ತಿಯಾಜ್ ಅಲಿಗೆ ಅದೇ ಮೊದಲ ಟೆಸ್ಟ್, ಅದೇ ಕೊನೆಯದು. ಪ್ಯಾಡ್ಮೋರ್‌ಗೆ ಆಮೇಲೆ ಇನ್ನೊಂದು ಸಿಕ್ಕಿತು.

ಕೆಲವು ತಿಂಗಳ ಹಿಂದಷ್ಟೇ ಆಸ್ಟ್ರೇಲಿಯಾದಲ್ಲಿ ಲಿಲಿ, ಥಾಮ್ಸನ್ ಎದುರು 5-1ರಿಂದ ಸೋತು ಬಂದಿದ್ದ ಲಾಯ್ಡ್‌ಗೆ ಇದು ಕೊನೆಯ ಪಾಠ. ಮುಂದಿನ ಟೆಸ್ಟ್ ಸಬಿನಾ ಪಾರ್ಕ್‌ನಲ್ಲಿ. ಪುಟಿತ ಒಂದೇ ಸಮನಿಲ್ಲದ ಪಿಚ್, ಮೈಕಲ್ ಹೋಲ್ಡಿಂಗ್ ವೇಗ. ಅನ್ಶುಮಾನ್ ಗಾಯಕ್ವಾಡ್ 81 ಹೊಡೆದು ಕಿವಿಗೆ ಪೆಟ್ಟು ತಿಂದು ಆಸ್ಪತ್ರೆ ಸೇರಿದರು. ವಿಶ್ವನಾಥ್ ಬೆರಳು ಮುರಿಯಿತು. ಬ್ರಿಜೇಶ್ ಪಟೇಲ್ ಬಾಯಿಗೆ ಹೊಲಿಗೆ ಬಿತ್ತು. 6ಕ್ಕೆ 306 ಇದ್ದಾಗ ಬಿಷನ್ ಸಿಂಗ್ ಬೇಡಿ ಇನಿಂಗ್ಸ್ ಡಿಕ್ಲೇರ್ ಮಾಡಿದರು. ಫೀಲ್ಡಿಂಗ್ ಮಾಡುವಾಗ ಬೇಡಿ, ಚಂದ್ರಶೇಖರ್ ಇಬ್ಬರ ಕೈಗೂ ಪೆಟ್ಟಾಯಿತು. ಎರಡನೆಯ ಇನಿಂಗ್ಸ್ 97ಕ್ಕೆ ಮುಗಿದಾಗ ಸ್ಕೋರ್‌ಕಾರ್ಡಿನಲ್ಲಿ ಐದು ಹೆಸರುಗಳ ಮುಂದೆ 'ಗಾಯ, ಗೈರು' ಎಂದಿತ್ತು. ಐವರಲ್ಲಿ ಮೂವರು ಕರ್ನಾಟಕದವರು. ನಾಲ್ಕನೆಯ ಕನ್ನಡಿಗ ಸೈಯದ್ ಕಿರ್ಮಾನಿ ಮಾತ್ರ ಮೈದಾನಕ್ಕಿಳಿದಿದ್ದರು. ಆಗ ಹೆಲ್ಮೆಟ್ ಇರಲಿಲ್ಲ ಎನ್ನುವುದನ್ನು ಈಗಿನ ಓದುಗರಿಗೆ ನೆನಪಿಸಬೇಕು.

ಅಲ್ಲಿಂದ ಮುಂದೆ ನಾಲ್ವರು ವೇಗಿಗಳ ಕಾಲ. ಅದರ ಗುಣಗಾನ ಎಲ್ಲರೂ ಮಾಡಿದ್ದಾರೆ, ನಾವು ಮಾಡುವುದಿಲ್ಲ. ಅದರ ನೆರಳಿನಲ್ಲಿ ನಿಂತ ಒಬ್ಬನ ಹೆಸರು ಮಾತ್ರ ಹೇಳಬೇಕು. ಟ್ರಿನಿಡಾಡ್‌ನ ರಂಜಿ ನಾನನ್, ಆಫ್ ಸ್ಪಿನ್ನರ್. ಪ್ರಥಮ ದರ್ಜೆಯಲ್ಲಿ 350ಕ್ಕೂ ಹೆಚ್ಚು ವಿಕೆಟ್, ತಂಡದ ನಾಯಕತ್ವ, ದಶಕಕ್ಕೂ ಮೀರಿದ ದುಡಿಮೆ. ಆಡಿದ್ದು ಒಂದೇ ಟೆಸ್ಟ್, 1980ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಫೈಸಲಾಬಾದ್‌ನಲ್ಲಿ. ತನ್ನೂರಿನ ಪಿಚ್ ಅವನನ್ನು ಸ್ಪಿನ್ನರ್ ಮಾಡಿತು. ತಂಡಕ್ಕೆ ಸ್ಪಿನ್ನರ್ ಬೇಕಿರಲಿಲ್ಲ.

ಪಿಚ್‌ಗಳು ಕೆಟ್ಟದ್ದು ಯಾವಾಗ ಎಂದು ಒಂದು ತಾರೀಖು ಹೇಳಲಾಗದು. ಆದರೆ ಕೆಟ್ಟಿವೆ ಎಂದು ಜಗತ್ತಿಗೆಲ್ಲ ಗೊತ್ತಾದ ತಾರೀಖು ಇದೆ: 1998ರ ಜನವರಿ 29. ಮತ್ತೆ ಸಬಿನಾ ಪಾರ್ಕ್. ಪಿಚ್ ಅಗೆದು ಹೊಸದಾಗಿ ಹಾಕಿದ್ದರು. ಪೂರ್ಣ ಪ್ರಮಾಣದ ನಾಯಕನಾಗಿ ಬ್ರಯಾನ್ ಲಾರಾಗೆ ಮೊದಲ ಟೆಸ್ಟ್, ಎದುರಿಗೆ ಇಂಗ್ಲೆಂಡ್. ಕರ್ಟ್ಲಿ ಆಂಬ್ರೋಸ್, ಕೋರ್ಟ್ನಿ ವಾಲ್ಷ್ ಎಸೆದ ಚೆಂಡು ಒಂದು ಮೂಗಿನ ಮುಂದೆ ಹಾರಿದರೆ ಇನ್ನೊಂದು ಕಾಲಬೆರಳಿಗೆ ತೆವಳುತ್ತಿತ್ತು. ಇಂಗ್ಲೆಂಡ್ ಫಿಸಿಯೊ ಮೈದಾನಕ್ಕೆ ಓಡಿ ಬರುವುದು, ಹೋಗುವುದು, ಮತ್ತೆ ಬರುವುದು. ಒಂದು ಗಂಟೆಯೂ ಆಗಿರಲಿಲ್ಲ. 61 ಎಸೆತ, 3ಕ್ಕೆ 17. ಅಂಪೈರುಗಳು ನಾಯಕರನ್ನೂ ಮ್ಯಾಚ್ ರೆಫರಿಯನ್ನೂ ಕರೆದು ಮಾತಾಡಿ ಪಂದ್ಯ ನಿಲ್ಲಿಸಿದರು. ಪಿಚ್ ಅಪಾಯಕಾರಿ ಎಂದು ಟೆಸ್ಟ್ ಪಂದ್ಯವೊಂದು ರದ್ದಾದದ್ದು ಅದೇ ಮೊದಲು.

ಅಂಪೈರುಗಳಲ್ಲಿ ಒಬ್ಬರು ಜಮೈಕಾದವರೇ ಆದ ಸ್ಟೀವ್ ಬಕ್ನರ್. ಇನ್ನೊಬ್ಬರು ನಮ್ಮ ಎಸ್. ವೆಂಕಟರಾಘವನ್. 1976ರಲ್ಲಿ ಅದೇ ಸಬಿನಾ ಪಾರ್ಕ್‌ನಲ್ಲಿ ಐವರು ಗಾಯಗೊಂಡ ಭಾರತ ತಂಡದಲ್ಲಿ ಈ ವೆಂಕಟ್ ಆಟಗಾರನಾಗಿದ್ದರು. ಅಂದು ಪಂದ್ಯ ನಿಲ್ಲಿಸುವ ಅಧಿಕಾರ ಅವರ ಕೈಲಿರಲಿಲ್ಲ.

ಅದಕ್ಕೆ ಹತ್ತು ತಿಂಗಳ ಹಿಂದೆ, 1997ರ ಮಾರ್ಚ್‌ನಲ್ಲಿ, ಬ್ರಿಜ್‌ಟೌನ್‌ನಲ್ಲೂ ಪುಟಿತ ನಂಬುವಂತಿರಲಿಲ್ಲ. ವೆಂಕಟೇಶ್ ಪ್ರಸಾದ್ ಮೊದಲ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದರು, ದ್ರಾವಿಡ್ 78, ತೆಂಡೂಲ್ಕರ್ 92. ಗೆಲ್ಲಲು ಬೇಕಿದ್ದುದು 120. ಭಾರತ 81ಕ್ಕೆ ಮುಗಿಯಿತು. ನಮ್ಮಲ್ಲಿ ಅನೇಕರ ಬಾಲ್ಯದ ದುಃಖಗಳಲ್ಲಿ ಅದೂ ಒಂದು. ಇದರ ತದ್ವಿರುದ್ಧ ಆಂಟಿಗುವಾದ ಸೇಂಟ್ ಜಾನ್ಸ್. ಅಲ್ಲಿನ ರಿಕ್ರಿಯೇಷನ್ ಗ್ರೌಂಡ್ ಪಕ್ಕದಲ್ಲೇ ಜೈಲು, ಪಿಚ್ ಕೆಲಸಕ್ಕೆ ಕೈದಿಗಳು ಬರುತ್ತಿದ್ದರು. ಒಂದು ಕಾಲಕ್ಕೆ ಬ್ಯಾಟರುಗಳ ಮೂಳೆ ಮುರಿಯುತ್ತಿದ್ದ ಆ್ಯಂಡಿ ರಾಬರ್ಟ್ಸ್ ಅವರೇ ನಿವೃತ್ತಿಯ ನಂತರ ಆಂಟಿಗುವಾದ ಪಿಚ್‌ಗಳ ಉಸ್ತುವಾರಿ ಹೊತ್ತರು. ಲಾರಾ 1994ರಲ್ಲಿ 375, 2004ರಲ್ಲಿ ಅಜೇಯ 400 ಹೊಡೆದದ್ದು ಈ ಅಂಗಳದಲ್ಲೇ. 2003ರಲ್ಲಿ ಆಸ್ಟ್ರೇಲಿಯಾ ಕೊಟ್ಟ 418ರ ಗುರಿ ಮುಟ್ಟಿದ್ದೂ ಇಲ್ಲೇ. 2002ರಲ್ಲಿ ದವಡೆ ಮುರಿದುಕೊಂಡ ಅನಿಲ್ ಕುಂಬ್ಳೆ ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು 14 ಓವರ್ ಎಸೆದು ಲಾರಾ ವಿಕೆಟ್ ಪಡೆದ ಪಂದ್ಯ ಎಲ್ಲರಿಗೂ ನೆನಪಿದೆ. ಅದೇ ಪಂದ್ಯದಲ್ಲಿ ಭಾರತದ ಹನ್ನೊಂದೂ ಆಟಗಾರರು ಬೌಲಿಂಗ್ ಮಾಡಿದರು ಎನ್ನುವುದು ಅಷ್ಟು ನೆನಪಿಲ್ಲ. ವಿಕೆಟ್ ಕೀಪರ್ ಕೂಡ! ಪಿಚ್ ಅಷ್ಟು ನಿರ್ಜೀವ.

ಒಂದು ಕಡೆ ಮೂಳೆ ಮುರಿಯುವ ಪಿಚ್, ಇನ್ನೊಂದು ಕಡೆ ಹೆಣದಂಥ ಪಿಚ್. ದೇಶಿ ಕ್ರಿಕೆಟ್ಟಿನಲ್ಲಿ ಗೆದ್ದದ್ದು ಎರಡನೆಯದು. ನಿಧಾನ, ಕೆಳಮಟ್ಟದ ಪುಟಿತ, ಎರಡನೆಯ ದಿನದಿಂದ ತಿರುವು. ಇಂಥ ಪಿಚ್ಚಿನಲ್ಲಿ ಬೆಳೆಯುವ ಬ್ಯಾಟರ್ ಮುಂಗಾಲು ಚಾಚಿ ಕಾಯುವುದನ್ನು ಕಲಿಯುತ್ತಾನೆ. ಎದೆಮಟ್ಟದ ಚೆಂಡನ್ನು ಬಿಡುವುದು, ಹಿಂಗಾಲಿನ ಮೇಲೆ ಆಡುವುದು, ಆಫ್ ಸ್ಟಂಪ್ ಎಲ್ಲಿದೆ ಎಂದು ತಿಳಿಯುವುದು, ಇವಕ್ಕೆ ಕೆಲಸವೇ ಬೀಳುವುದಿಲ್ಲ. ವೇಗಿ ಹತ್ತು ಓವರ್ ಬೆವರು ಸುರಿಸಿ ಬೌಂಡರಿ ಗೆರೆಗೆ ಹೋಗಿ ನಿಲ್ಲುತ್ತಾನೆ. ವಿಕೆಟ್‌ಗಳೆಲ್ಲ ಸ್ಪಿನ್ನರ್ ಪಾಲು.

2007ರ ವಿಶ್ವಕಪ್‌ಗೆಂದು ಕೆರಿಬಿಯನ್‌ನಲ್ಲಿ ಹೊಸ ಕ್ರೀಡಾಂಗಣಗಳು ಎದ್ದವು. ಗಯಾನಾದಲ್ಲಿ ಬೋರ್ಡಾ ಬದಲಿಗೆ ಪ್ರಾವಿಡೆನ್ಸ್, ಅದಕ್ಕೆ ಭಾರತ ಸರ್ಕಾರದ ನೆರವು. ಆಂಟಿಗುವಾದಲ್ಲಿ ವಿವಿಯನ್ ರಿಚರ್ಡ್ಸ್ ಹೆಸರಿನ ಕ್ರೀಡಾಂಗಣ. ಗ್ಯಾಲರಿಗಳು ಚೆನ್ನಾಗಿದ್ದವು. ನೆಲ? 2009ರ ಫೆಬ್ರುವರಿ 13ರಂದು ಆಂಟಿಗುವಾದ ಹೊಸ ಅಂಗಳದಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್ 10 ಎಸೆತಗಳಿಗೆ ನಿಂತುಹೋಯಿತು. ಓಡಿ ಬರುವ ವೇಗಿಗಳ ಕಾಲು ಮರಳಿನಲ್ಲಿ ಹೂತುಹೋಗುತ್ತಿತ್ತು. ವಾರದ ಹಿಂದಷ್ಟೇ 11 ರನ್ನಿಗೆ 5 ವಿಕೆಟ್ ಕಿತ್ತು ಇಂಗ್ಲೆಂಡನ್ನು 51ಕ್ಕೆ ಮುಗಿಸಿದ್ದ ಜೆರೋಮ್ ಟೇಲರ್ ಕ್ರೀಸಿನ ಬಳಿ ಜಾರುತ್ತ ನಿಂತಿದ್ದರು. ಪಂದ್ಯವನ್ನು ಹಳೆಯ ರಿಕ್ರಿಯೇಷನ್ ಗ್ರೌಂಡ್‌ಗೆ ಸಾಗಿಸಬೇಕಾಯಿತು. ಕಟ್ಟಡಕ್ಕೆ ಹಣ ಬರುತ್ತದೆ, ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಮಣ್ಣಿಗೆ ಯಾರೂ ಬರುವುದಿಲ್ಲ. ತಾಲ್ಲೂಕು ಕ್ರೀಡಾಂಗಣಗಳ ಶಿಲಾನ್ಯಾಸ ವರದಿ ಮಾಡಿ ಮಾಡಿ ಸವೆದ ನಮಗೆ ಇದು ಪರಿಚಿತ ದೃಶ್ಯ.

ಅದೇ 2009ರಲ್ಲಿ ನಿಕಿಟಾ ಮಿಲ್ಲರ್ ಟೆಸ್ಟ್ ಆಡಿದರು. ಜಮೈಕಾದ ಎಡಗೈ ಸ್ಪಿನ್ನರ್. ಒಪ್ಪಂದದ ಜಗಳದಲ್ಲಿ ಮುಖ್ಯ ಆಟಗಾರರು ಹೊರಗುಳಿದಾಗ ಬಾಂಗ್ಲಾದೇಶ ವಿರುದ್ಧ ಸಿಕ್ಕ ಅವಕಾಶ. ಅದೇ ಕೊನೆ. ಪ್ರಥಮ ದರ್ಜೆಯಲ್ಲಿ ಮಿಲ್ಲರ್ 500ಕ್ಕೂ ಹೆಚ್ಚು ವಿಕೆಟ್ ಪಡೆದರು, ಸರಾಸರಿ ಸುಮಾರು 16. ಬೇರೆ ಯಾವ ದೇಶದಲ್ಲಾದರೂ ಈ ಅಂಕಿಗೆ ಕೆಂಪು ಹಾಸು ಹಾಸುತ್ತಿದ್ದರು. ಇಲ್ಲಿ ಅಂಕಿಯೇ ಅವರಿಗೆ ಶತ್ರುವಾಯಿತು. 'ಆ ಪಿಚ್‌ಗಳಲ್ಲಿ ಯಾರು ಬೇಕಾದರೂ ವಿಕೆಟ್ ತೆಗೆಯುತ್ತಾರೆ' ಎಂಬ ಅನುಮಾನ ದೇಶಿ ಸ್ಪಿನ್ನರುಗಳ ಬೆನ್ನಿಗೆ ಅಂಟಿಕೊಂಡಿತ್ತು. ರಂಜಿ ನಾನನ್ ಕಾಲದಲ್ಲಿ ತಂಡಕ್ಕೆ ಸ್ಪಿನ್ ಬೇಡವಾಗಿತ್ತು, ಮಿಲ್ಲರ್ ಕಾಲದಲ್ಲಿ ಸ್ಪಿನ್ ವಿಕೆಟಿಗೆ ಬೆಲೆ ಇರಲಿಲ್ಲ. ಇಬ್ಬರಿಗೂ ಒಂದೊಂದೇ ಟೆಸ್ಟ್. ಬ್ಯಾಟರುಗಳ ಸಂಕಟವೂ ಇಂಥದ್ದೇ. ತಿರುಗುವ ಪಿಚ್ಚಿನಲ್ಲಿ ಕಷ್ಟಪಟ್ಟು ತೆಗೆದ 35ರ ಸರಾಸರಿ ಒಳ್ಳೆಯದೋ ಕೆಟ್ಟದ್ದೋ ಆಯ್ಕೆಗಾರರು ಹೇಗೆ ಹೇಳಬೇಕು?

2014-15ರಲ್ಲಿ ದೇಶಿ ಕೂಟ ವೃತ್ತಿಪರ ಲೀಗ್ ಆಯಿತು. ಆರು ತಂಡ, ತಂಡಕ್ಕೆ 15 ಮಂದಿಗೆ ಒಪ್ಪಂದ, ಹೆಚ್ಚು ಪಂದ್ಯ. ಅದಕ್ಕೆ ಮುಂಚೆ ಎಷ್ಟೋ ಜನ ಬೇರೆ ಕೆಲಸ ಮಾಡಿಕೊಂಡೇ ಆಡುತ್ತಿದ್ದರು. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ. ಅಂಕಪಟ್ಟಿಯಲ್ಲಿ ಒಂದು ವಿಚಿತ್ರ ಕಾಲಂ ಕೂಡ ಸೇರಿತು: ವೇಗಿ ಪಡೆಯುವ ಪ್ರತಿ ವಿಕೆಟಿಗೆ ತಂಡಕ್ಕೆ 0.2 ಅಂಕ ಹೆಚ್ಚುವರಿ. ಹೋಲ್ಡಿಂಗ್, ಮಾರ್ಷಲ್ ಹುಟ್ಟಿದ ನೆಲದಲ್ಲಿ ವೇಗದ ಬೌಲಿಂಗ್‌ಗೆ ಸಬ್ಸಿಡಿ! ಸಬ್ಸಿಡಿ ಕೊಟ್ಟರೂ ಮೊದಲ ಐದು ಪ್ರಶಸ್ತಿಗಳನ್ನು ಸತತವಾಗಿ ಗೆದ್ದದ್ದು ಗಯಾನಾ, ವೀರಸ್ವಾಮಿ ಪೆರ್ಮಾಲ್, ದೇವೇಂದ್ರ ಬಿಶೂ ಅವರಂಥ ಸ್ಪಿನ್ನರುಗಳ ಬಲದಿಂದ. ಅಂಕ ಕೊಟ್ಟರೆ ನಾಯಕನ ಮನಸ್ಸು ಬದಲಾಗಬಹುದು, ಮಣ್ಣು ಬದಲಾಗುವುದಿಲ್ಲ.

ಈ ಪಿಚ್‌ಗಳನ್ನು ಹೊರಗಿನಿಂದ ಬಂದು ಗೆದ್ದ ಒಬ್ಬರನ್ನು ಇಲ್ಲಿ ನೆನೆಯದೇ ಹೋದರೆ ತಪ್ಪಾಗುತ್ತದೆ. 2006ರ ಜುಲೈ, ಸಬಿನಾ ಪಾರ್ಕ್, ಮೂರೇ ದಿನಕ್ಕೆ ಮುಗಿದ ಪಂದ್ಯ. ಭಾರತ 200 ಮತ್ತು 171. ಅದರಲ್ಲಿ ನಾಯಕ ರಾಹುಲ್ ದ್ರಾವಿಡ್ ಒಬ್ಬರೇ 81 ಮತ್ತು 68. ಕೊನೆಯ ಇನಿಂಗ್ಸ್‌ನಲ್ಲಿ ಕುಂಬ್ಳೆ 78ಕ್ಕೆ 6. ಭಾರತ 49 ರನ್ನಿಂದ ಗೆದ್ದು, 1971ರ ನಂತರ ಮೊದಲ ಸಲ ಅಲ್ಲಿ ಸರಣಿ ಗೆದ್ದಿತು. ಕುಂಬ್ಳೆ, ದ್ರಾವಿಡ್ ಇಬ್ಬರೂ ರಣಜಿಯಲ್ಲಿ ಹತ್ತಾರು ಬಗೆಯ ಅಂಗಳ ತುಳಿದವರು, ಕೌಂಟಿಯಲ್ಲೂ ಆಡಿ ಬಂದವರು. ಎದುರಿನ ಪಾಳೆಯದ ಹುಡುಗರಿಗೆ ಆ ಭಾಗ್ಯ ಅಷ್ಟಾಗಿ ಇರಲಿಲ್ಲ.

ಈಚಿನ ವರ್ಷಗಳಲ್ಲಿ ಟೆಸ್ಟ್ ಪಿಚ್‌ಗಳಿಗೆ ಮತ್ತೆ ಜೀವ ಬಂದಿದೆ. 2019ರಲ್ಲಿ ಬ್ರಿಜ್‌ಟೌನ್‌ನಲ್ಲಿ ಇಂಗ್ಲೆಂಡ್ 77ಕ್ಕೆ ಆಲೌಟ್, ಕೆಮಾರ್ ರೋಚ್ 17ಕ್ಕೆ 5. ಮುಂದಿನ ಟೆಸ್ಟ್ ಆಂಟಿಗುವಾದಲ್ಲಿ, ಚೆಂಡು ಹೇಗೆ ಬರುತ್ತದೋ ಗೊತ್ತಾಗದ ಪಿಚ್ಚಿನಲ್ಲಿ ಡ್ಯಾರೆನ್ ಬ್ರಾವೊ 216 ಎಸೆತ ಎದುರಿಸಿ 50 ತೆಗೆದರು. ಸರಣಿ ವೆಸ್ಟ್ ಇಂಡೀಸ್ ಪಾಲಾಯಿತು. ನಮ್ಮ ಮಟ್ಟಿಗೆ ಆ 50 ಲಾರಾರ 400ಕ್ಕಿಂತ ದೊಡ್ಡದು (ಬೈಯುವವರು ಬೈಯಿರಿ). ವೇಗಿಗಳು ಬೆಳೆಯತೊಡಗಿದರು. ಆದರೆ ಬ್ಯಾಟರುಗಳು? ಅವರು ದೇಶಿ ಕೂಟದ ಒಂದು ಬಗೆಯ ನೆಲದಿಂದ ಟೆಸ್ಟಿನ ಇನ್ನೊಂದು ಬಗೆಯ ನೆಲಕ್ಕೆ ನೇರವಾಗಿ ಬಂದು ಬೀಳುತ್ತಾರೆ. ಟರ್ಫ್ ಪಿಚ್ಚಿನಲ್ಲಿ ಚೆಂಡು ಏಳಲಿಲ್ಲ ಎಂದ ನಮ್ಮ ತಾಲ್ಲೂಕಿನ ಹುಡುಗನದು ಒಂದು ಸಂಕಟ, ಇವರದು ಅದರ ತಿರುಗುಮುರುಗು.

2025ರ ಜನವರಿಯಲ್ಲಿ ಪಾಕಿಸ್ತಾನದ ಮುಲ್ತಾನ್‌ನಲ್ಲಿ ಜೋಮೆಲ್ ವಾರಿಕನ್ ಎಂಬ ಎಡಗೈ ಸ್ಪಿನ್ನರ್ ಎರಡು ಟೆಸ್ಟ್‌ಗಳಲ್ಲಿ 19 ವಿಕೆಟ್ ಪಡೆದ. ಸೇಂಟ್ ವಿನ್ಸೆಂಟ್‌ನಲ್ಲಿ ಹುಟ್ಟಿ ಬಾರ್ಬಡೋಸ್ ಪರ ವರ್ಷಗಟ್ಟಲೆ ದುಡಿದವನು. 2015ರಲ್ಲೇ ಟೆಸ್ಟ್‌ಗೆ ಬಂದು ಒಳಗೆ ಹೊರಗೆ ಆಗುತ್ತಿದ್ದವನು. ಪಾಕಿಸ್ತಾನದವರು ತಮ್ಮ ಸ್ಪಿನ್ನರುಗಳಿಗೆಂದು ಒಣಗಿಸಿಟ್ಟ ಪಿಚ್ ಅವನಿಗೆ ತವರಿನ ದೇಶಿ ಅಂಗಳದಂತೆಯೇ ಕಂಡಿರಬೇಕು. 1990ರ ನಂತರ ಪಾಕಿಸ್ತಾನದಲ್ಲಿ ವೆಸ್ಟ್ ಇಂಡೀಸ್‌ಗೆ ಮೊದಲ ಟೆಸ್ಟ್ ಗೆಲುವು, ಸರಣಿ ಶ್ರೇಷ್ಠ ಪ್ರಶಸ್ತಿ. ಅದಕ್ಕೆ ಒಂದು ವರ್ಷದ ಹಿಂದೆ ಬ್ರಿಸ್ಬೇನ್‌ನಲ್ಲಿ ಶಮಾರ್ ಜೋಸೆಫ್ 68 ರನ್ನಿಗೆ 7 ವಿಕೆಟ್ ಕಿತ್ತು ಆಸ್ಟ್ರೇಲಿಯಾವನ್ನು 8 ರನ್ನಿಂದ ಸೋಲಿಸಿದ್ದ. ಗಯಾನಾದಲ್ಲಿ ಕಾಂಜಿ ನದಿಯ ದಂಡೆಯ ಬರಾಕಾರಾ ಎಂಬ ಕುಗ್ರಾಮದವನು, ಸೆಕ್ಯುರಿಟಿ ಗಾರ್ಡ್ ಆಗಿದ್ದವನು. ಬೆರಳೆಣಿಕೆಯ ಪ್ರಥಮ ದರ್ಜೆ ಪಂದ್ಯವಾಡಿ ಟೆಸ್ಟ್‌ಗೆ ಬಂದಿದ್ದ. ದೇಶಿ ಪಿಚ್‌ಗಳು ಅವನ ವೇಗವನ್ನು ಮೊಂಡು ಮಾಡಲು ಸಮಯವೇ ಸಿಗಲಿಲ್ಲ ಎಂದು ನಾವು ತಮಾಷೆ ಮಾಡುವುದುಂಟು.

ಸಬಿನಾ ಪಾರ್ಕ್‌ನ ಆ 27ರ ಇನಿಂಗ್ಸ್‌ನಲ್ಲಿ ಸ್ಟಾರ್ಕ್ ಜೊತೆಗೆ ಸ್ಕಾಟ್ ಬೋಲಂಡ್ ಹ್ಯಾಟ್ರಿಕ್ ಕೂಡ ಇತ್ತು. ಮೊದಲ ಎಸೆತಕ್ಕೆ ಜಸ್ಟಿನ್ ಗ್ರೀವ್ಸ್. ಎರಡನೆಯದಕ್ಕೆ ಶಮಾರ್ ಜೋಸೆಫ್. ಮೂರನೆಯದಕ್ಕೆ ಜೋಮೆಲ್ ವಾರಿಕನ್.